12 ಅಡಿ ಅಲ್ಯೂಮಿನಿಯಂ ದೋಣಿಗೆ ಹಳೆ ಔಟ್‌ಬೋರ್ಡ್: 27 ಕಿಲೋಗೆ ನಿಂತ ಲೆಕ್ಕ

ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಎಂಜಿನ್ನೇ ಔಟ್‌ಬೋರ್ಡ್. ಹಳೆಯದೊಂದನ್ನು ಕೊಳ್ಳಬೇಕಾದ ನಮ್ಮ ದೋಣಿಯ ಅಳತೆ ಹೀಗಿದೆ: ಉದ್ದ 12 ಅಡಿ, ಹಿಂಬದಿ ಅಗಲ 4 ಅಡಿ, ಚಪ್ಪಟೆ ತಳ, ರಿವಿಟ್ ಹೊಡೆದ 1.6 ಮಿ.ಮೀ. ಅಲ್ಯೂಮಿನಿಯಂ ತಗಡು, ಬರೀ ಒಡಲಿನ ತೂಕ 65 ಕಿಲೋ. ಓಡಬೇಕಾದ ನೀರು ವಾಸ್ಕೊ ಪಕ್ಕದ ಚಿಕಲಿಂ ಕೊಲ್ಲಿಯಿಂದ ಜುವಾರಿ ಹಿಡಿದು ಮೇಲಕ್ಕೆ, ಆಗಾಗ ಕುಂಬಾರ್ಜುವಾ ಕಾಲುವೆ ದಾಟಿ ಮಾಂಡೋವಿಗೆ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಮಾಂಡೋವಿ. ಆದರೆ ಇಷ್ಟು ಕೆಳಗೆ ಬಂದಾಗ ಅದು ಸಿಹಿನೀರಲ್ಲ. ಬೇಸಿಗೆಯಲ್ಲಿ ಉಪ್ಪು, ಮಳೆಗಾಲದಲ್ಲಿ ಕೆಂಪು ಕೆಸರು, ಉಳಿದ ದಿನ ಎರಡರ ಬೆರಕೆ. ಭರತಕ್ಕೂ ಇಳಿತಕ್ಕೂ ನಡುವೆ ನೀರು ಸುಮಾರು ಎರಡು ಮೀಟರ್ ಏರಿಳಿಯುತ್ತದೆ. ಎಂಜಿನ್ ಆಯ್ಕೆಯಲ್ಲಿ ಈ ಉಪ್ಪು, ಕೆಸರು, ಇಳಿತ ಮೂರೂ ಲೆಕ್ಕಕ್ಕೆ ಬರುತ್ತವೆ.

ಹಳೆ ಎಂಜಿನ್ ಹುಡುಕುವವರು ಸಾಮಾನ್ಯವಾಗಿ ಮೊದಲು ಕೇಳುವುದು "ಎಷ್ಟು ಎಚ್‌ಪಿ?" ಎಂದು. ಹಳೆ ಅಲ್ಯೂಮಿನಿಯಂ ದೋಣಿಗೆ ಮೊದಲು ಕೇಳಬೇಕಾದದ್ದು ತೂಕ, ಆಮೇಲೆ ಕಾಲಿನ, ಅಂದರೆ ಎಂಜಿನ್ನಿನಿಂದ ನೀರಿಗಿಳಿಯುವ ಕೆಳಭಾಗದ ಉದ್ದ, ಮೂರನೆಯದಾಗಿ ಎಂಜಿನ್ನಿನ ಸ್ಥಿತಿ. ಎಚ್‌ಪಿ ಈ ಮೂರರಿಂದ ತಾನಾಗಿ ಇತ್ಯರ್ಥವಾಗುತ್ತದೆ.

ಗರಿಷ್ಠ ಎಷ್ಟು

ದೋಣಿಯ ಮೇಲೆ ತಯಾರಕರ ತಗಡು ಉಳಿದಿದ್ದರೆ ಅದರಲ್ಲೇ ಗರಿಷ್ಠ ಎಚ್‌ಪಿ ಇರುತ್ತದೆ. ಹಳೆಯವುಗಳಲ್ಲಿ ಅದು ಕಿತ್ತುಹೋಗಿರುವುದೇ ಹೆಚ್ಚು. ಆಗ ಅಮೆರಿಕದ ಕೋಸ್ಟ್ ಗಾರ್ಡ್ ನಿಯಮದ ಸೂತ್ರ ಉಪಯೋಗಕ್ಕೆ ಬರುತ್ತದೆ. ಉದ್ದವನ್ನೂ ಹಿಂಬದಿಯ ಅಗಲವನ್ನೂ ಅಡಿಯಲ್ಲಿ ಗುಣಿಸಬೇಕು. ಗುಣಲಬ್ಧ 35ರ ತನಕ ಇದ್ದರೆ 3 ಎಚ್‌ಪಿ, 36ರಿಂದ 39ಕ್ಕೆ 5, 40ರಿಂದ 42ಕ್ಕೆ 7.5, 43ರಿಂದ 45ಕ್ಕೆ 10, 46ರಿಂದ 52ಕ್ಕೆ 15. ತಳ ಚಪ್ಪಟೆಯಾಗಿದ್ದು ಬದಿಗಳು ಚೂಪಾಗಿ ಮಡಿಚಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ನಮ್ಮದು 12 × 4 = 48, ಅಂದರೆ 15. ಚಪ್ಪಟೆ ತಳವಾದ್ದರಿಂದ 10. ಇದು ಗಟ್ಟಿಮುಟ್ಟಾದ ಹೊಸ ದೋಣಿಯ ಮಿತಿ. ರಿವಿಟ್ ಸಡಿಲಾದ ಹಳೆ ಒಡಲಿಗೆ ಅದಕ್ಕಿಂತ ಕೆಳಗೇ ನಿಲ್ಲುವುದು ಕ್ಷೇಮ.

ಕನಿಷ್ಠ ಎಷ್ಟು ಬೇಕೆಂಬುದು ಬೇರೆ ಲೆಕ್ಕ. ನೀರನ್ನು ಸೀಳಿಕೊಂಡೇ ಹೋಗುವ ದೋಣಿಯ ವೇಗ ನೀರಿಗೆ ತಾಗಿದ ಉದ್ದಕ್ಕೆ ಕಟ್ಟುಬಿದ್ದಿರುತ್ತದೆ. 11 ಅಡಿ ತಾಗಿದ್ದರೆ ಸುಮಾರು 4.4 ನಾಟ್, ಅಂದರೆ ಗಂಟೆಗೆ 8 ಕಿ.ಮೀ. ಇಷ್ಟಕ್ಕೆ 4 ಎಚ್‌ಪಿ ಧಾರಾಳ. ಇಳಿತದ ಸೆಳೆತ ಎರಡು ನಾಟ್ ಎದುರು ಬಂದರೆ ಕೈಗೆ ಉಳಿಯುವುದು ಬರೀ 2.4 ನಾಟ್. ದೋಣಿ ನೀರಿನ ಮೇಲೆದ್ದು ಓಡಬೇಕಾದರೆ ಒಟ್ಟು ತೂಕದ ಪ್ರತಿ 25 ಕಿಲೋಗೆ ಒಂದು ಎಚ್‌ಪಿ ಬೇಕು ಎಂಬುದು ಬಳಕೆಯ ಅಂದಾಜು. ಒಡಲು 65, 8 ಎಚ್‌ಪಿ ಎಂಜಿನ್ 27, ಟ್ಯಾಂಕ್ ಮತ್ತು ಪೆಟ್ರೋಲ್ 12, ಒಬ್ಬ ಮನುಷ್ಯ 70, ಲಂಗರು-ಹಗ್ಗ-ಸಾಮಾನು 15, ಒಟ್ಟು 189 ಕಿಲೋ. 8 ಎಚ್‌ಪಿಗೆ ಭಾಗಿಸಿದರೆ 23.6. ಒಬ್ಬರೇ ಇದ್ದಾಗ ದೋಣಿ ಮೇಲೇಳುತ್ತದೆ. ಎರಡನೆಯವರು ಹತ್ತಿದರೆ 259 ಕಿಲೋ, ಎಚ್‌ಪಿಗೆ 32. ಆಗ ಏಳುವುದಿಲ್ಲ, ಮೂತಿ ಎತ್ತಿಕೊಂಡು ನೀರು ತಳ್ಳುತ್ತಾ ಹೋಗುತ್ತದೆ. ಇದನ್ನು ಒಪ್ಪಿಕೊಂಡೇ 8 ಎಚ್‌ಪಿ ತೆಗೆದುಕೊಳ್ಳಬೇಕು.

ತೂಕ

ಟು-ಸ್ಟ್ರೋಕ್ ಯಮಹಾ 8 ಸುಮಾರು 27 ಕಿಲೋ, ಟೊಹಾಟ್ಸು 9.8 ಟು-ಸ್ಟ್ರೋಕ್ 26. ಯಮಹಾ 9.9 ಮತ್ತು 15 ಟು-ಸ್ಟ್ರೋಕ್ ಎರಡೂ 246 ಸಿಸಿ, ಎರಡೂ ಸುಮಾರು 36 ಕಿಲೋ. ಫೋರ್-ಸ್ಟ್ರೋಕ್‌ಗೆ ಬಂದರೆ ಟೊಹಾಟ್ಸು 9.8 ಸುಮಾರು 37, ಸುಜುಕಿ ಡಿಎಫ್15ಎ ಸುಮಾರು 44, ಯಮಹಾ ಎಫ್15 ಸುಮಾರು 52. ಫೋರ್-ಸ್ಟ್ರೋಕ್ ಸದ್ದು ಕಡಿಮೆ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ನೀರಿಗೆ ಎಣ್ಣೆ ಬಿಡುವುದಿಲ್ಲ. ಗಟ್ಟಿ ದೋಣಿಯಿದ್ದವರು ಅದನ್ನೇ ಕೊಳ್ಳಲಿ. ಈ ಒಡಲಿಗೆ ಮಾತ್ರ ಅದು ಮೂಗಿಗಿಂತ ಮೂಗುತಿ ಭಾರ.

36 ಕಿಲೋ ಎಲ್ಲಿ, 52 ಕಿಲೋ ಎಲ್ಲಿ? ನಡುವಿನ 16 ಕಿಲೋ ದೋಣಿಯ ಮಧ್ಯದಲ್ಲಿ ಇಟ್ಟರೆ ಅರ್ಧ ಸೆಂ.ಮೀ. ಮುಳುಗುವುದೂ ಕಷ್ಟ. ಅದೇ ತೂಕ ತೀರಾ ಹಿಂದಿನ ಅಂಚಿನಲ್ಲಿ ನೇತುಬಿದ್ದರೆ ಆ ತುದಿ ಸುಮಾರು 2 ಸೆಂ.ಮೀ. ಕೆಳಗಿಳಿಯುತ್ತದೆ. ಹ್ಯಾಂಡಲ್ ಹಿಡಿದು ಕೂರುವವರ 70 ಕಿಲೋ ಕೂಡ ಅಲ್ಲೇ ಇರುತ್ತದೆ. ಥ್ರಾಟಲ್ ಥಟ್ಟನೆ ಬಿಟ್ಟಾಗ ಹಿಂದಿನಿಂದ ಬರುವ ಸ್ವಂತ ಅಲೆಯೇ ಒಳಗೆ ನುಗ್ಗುವುದು ಹೀಗೆ ತಗ್ಗಿದ ದೋಣಿಗಳಲ್ಲಿ. ಇನ್ನೊಂದು ಮಾತು: 27 ಕಿಲೋವನ್ನು ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ಕೆಸರಲ್ಲಿ ಒಬ್ಬರು ಹೊತ್ತು ತರಬಹುದು. 36ಕ್ಕೆ ಇಬ್ಬರು ಬೇಕು.

ಕಾಲಿನ ಉದ್ದ

ಎಂಜಿನ್ ಕೂರುವ ಹಿಂಬದಿ ಹಲಗೆಗೆ ಟ್ರಾನ್ಸಮ್ ಎನ್ನುತ್ತಾರೆ. ಅದರ ಮೇಲಂಚಿನ ನಟ್ಟನಡುವಿನಿಂದ ತಳದ ಕೆಳಮೈವರೆಗೆ ನೇರ ಅಳೆಯಬೇಕು. 15 ಇಂಚು, ಅಂದರೆ 381 ಮಿ.ಮೀ. ಆಸುಪಾಸಿದ್ದರೆ ಶಾರ್ಟ್ ಶಾಫ್ಟ್. 20 ಇಂಚು, 508 ಮಿ.ಮೀ. ಇದ್ದರೆ ಲಾಂಗ್. ಯಮಹಾ ಮಾದರಿಯ ಹೆಸರಲ್ಲೇ ಇದು ಬರೆದಿರುತ್ತದೆ: 15ಎಫ್‌ಎಂಎಚ್‌ಎಸ್ ಎಂದರೆ ಹಗ್ಗ ಎಳೆದು ಸ್ಟಾರ್ಟ್, ಹ್ಯಾಂಡಲ್‌ನಿಂದ ಸ್ಟೀರಿಂಗ್, ಕೊನೆಯ ಎಸ್ ಶಾರ್ಟ್. ಎಲ್ ಇದ್ದರೆ ಲಾಂಗ್.

ಮೀನುಗಾರರ ಎತ್ತರದ ದೋಣಿಗಳಿಂದ ಕಳಚಿದ ಎಂಜಿನ್‌ಗಳಲ್ಲಿ ಲಾಂಗ್ ಶಾಫ್ಟ್ ಹೆಚ್ಚು ಸಿಗುತ್ತದೆ, ಬೆಲೆಯೂ ಇಳಿದಿರುತ್ತದೆ. 15 ಇಂಚಿನ ಟ್ರಾನ್ಸಮ್‌ಗೆ ಅದನ್ನು ಕಟ್ಟಿದರೆ ಕಾಲು 5 ಇಂಚು ಹೆಚ್ಚು ಆಳಕ್ಕಿಳಿಯುತ್ತದೆ. ಎಳೆತ ಹೆಚ್ಚು, ನೀರು ಮೇಲಕ್ಕೆ ಚಿಮ್ಮುತ್ತದೆ, ಇಳಿತದಲ್ಲಿ ಚಿಕಲಿಂ ಕೊಲ್ಲಿಯ ಕೆಸರನ್ನು ಎಲ್ಲರಿಗಿಂತ ಮೊದಲು ಉಳುವುದು ಅದೇ. ಸರಿಯಾದ ಜಾಗ ಯಾವುದೆಂದರೆ, ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆ ದೋಣಿಯ ತಳಕ್ಕೆ ಸಮನಾಗಿರಬೇಕು, ಇಲ್ಲವೇ 25 ಮಿ.ಮೀ. ಒಳಗೆ ಕೆಳಗಿರಬೇಕು. ಅದಕ್ಕಿಂತ ಮೇಲಿದ್ದರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ನುಂಗಿ ಎಂಜಿನ್ ಕಿರುಚುತ್ತದೆ, ದೋಣಿ ನಿಂತಲ್ಲೇ ನಿಲ್ಲುತ್ತದೆ.

ಎಂಜಿನ್ ನೋಡಲು ಹೋದಾಗ

ಕೈಯಲ್ಲಿ ಇರಬೇಕಾದದ್ದು: ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮಾಪಕ), ಪ್ಲಗ್ ಸ್ಪ್ಯಾನರ್, ಅಗಲ ಬಾಯಿಯ ದೊಡ್ಡ ಸ್ಕ್ರೂಡ್ರೈವರ್, ಬಿಳಿ ಪ್ಲಾಸ್ಟಿಕ್ ಲೋಟ, ಟಾರ್ಚ್. ಮಾರುವವರಿಗೆ ಮೊದಲೇ ಎರಡು ಮಾತು ಹೇಳಿಡಬೇಕು: ಹಿಂದಿನ ರಾತ್ರಿಯಿಂದ ಎಂಜಿನ್ ನೆಟ್ಟಗೆ ನಿಂತಿರಲಿ, ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ. ಬಿಸಿಯಾದ ಎಂಜಿನ್ ತನ್ನ ರೋಗ ಮುಚ್ಚಿಡುತ್ತದೆ.

ಮೊದಲು ನಂಬರ್ ತಗಡು. ಕ್ಲಾಂಪ್ ಬದಿಯಲ್ಲಿರುವ ಅದನ್ನು ಕೆರೆದಿದ್ದರೆ ಅಥವಾ ಕಿತ್ತಿದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಗೋವಾದಲ್ಲಿ ಒಳನಾಡ ದೋಣಿಗಳ ನೋಂದಣಿ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ ಆಗುತ್ತದೆ. ನಂಬರೂ ಬಿಲ್ಲೂ ಇಲ್ಲದ ಎಂಜಿನ್ ಮುಂದೆ ಅಲ್ಲೂ ತಲೆನೋವು.

ಮಾದರಿಯ ಹೆಸರು ಇಕೆ ಎಂದು ಶುರುವಾದರೆ ಅದು ಯಮಹಾದ ಸೀಮೆಎಣ್ಣೆ ಎಂಜಿನ್. ಕಾರವಾರ, ಅಂಕೋಲಾ ಕಡೆಯಿಂದ ಬರುವವುಗಳನ್ನು ಈ ಕಣ್ಣಿನಿಂದ ನೋಡಲೇಬೇಕು, ಏಕೆಂದರೆ ಕರ್ನಾಟಕ ಕರಾವಳಿಯ ಅನೇಕ ನಾಡದೋಣಿಗಳು ರಿಯಾಯಿತಿ ಸೀಮೆಎಣ್ಣೆಯಲ್ಲಿ ಓಡುತ್ತವೆ. ಸೀಮೆಎಣ್ಣೆ ಎಂಜಿನ್ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುತ್ತದೆ. ಅದರ ಕಂಪ್ರೆಷನ್ ಅನುಪಾತವೇ ಕಡಿಮೆ. ಬರೀ ಪೆಟ್ರೋಲಿನಲ್ಲಿ ಓಡಿಸಿದರೆ ಓಡುತ್ತದೆ, ಆದರೆ ಹೊತ್ತ ತೂಕಕ್ಕೆ ತಕ್ಕ ಶಕ್ತಿ ಬರುವುದಿಲ್ಲ. ಇನ್ನೂ ಕೆಟ್ಟದ್ದು, ಪೆಟ್ರೋಲ್ ಎಂಜಿನ್ನಿಗೇ ಸೀಮೆಎಣ್ಣೆ ಕುಡಿಸಿದ್ದು: ಮಸಿ ಕಟ್ಟಿ ಪಿಸ್ಟನ್ ರಿಂಗ್ ಅಂಟಿಕೊಂಡಿರುತ್ತದೆ.

ಈಗ ಗೇರ್ ಆಯಿಲ್. ಎಲ್ಲ ಪರೀಕ್ಷೆಗಳಲ್ಲಿ ಇದೇ ಮುಖ್ಯ ಎಂಬುದು ನಮ್ಮ ಅಭಿಪ್ರಾಯ, ಕಂಪ್ರೆಷನ್‌ಗಿಂತಲೂ ಒಂದು ತೂಕ ಮೇಲು. ಕಾಲಿನ ತುದಿಯ ಗೇರ್ ಬಾಕ್ಸ್‌ಗೆ ಎರಡು ಸ್ಕ್ರೂ ಇರುತ್ತವೆ, ಕೆಳಗೊಂದು, ಮೇಲೊಂದು. ಮೇಲಿನದನ್ನು ಮುಟ್ಟದೆ ಕೆಳಗಿನದನ್ನು ಎರಡು ಸುತ್ತು ಮಾತ್ರ ಸಡಿಲಿಸಿ ಬಿಳಿ ಲೋಟ ಒಡ್ಡಬೇಕು. ರಾತ್ರಿಯೆಲ್ಲ ನೆಟ್ಟಗೆ ನಿಂತ ಎಂಜಿನ್ನಿನಲ್ಲಿ ನೀರಿದ್ದರೆ ಅದು ಎಣ್ಣೆಗಿಂತ ಭಾರವಾದ್ದರಿಂದ ತಳ ಸೇರಿರುತ್ತದೆ. ಮೊದಲ ನಾಲ್ಕೈದು ಹನಿಯೇ ತಿಳಿನೀರಾಗಿ ಉದುರುತ್ತದೆ, ಹಿಂದೆಯೇ ಎಣ್ಣೆ ನೂಲಿನಂತೆ ಎಳೆಎಳೆಯಾಗಿ ಇಳಿಯುತ್ತದೆ. ಎಣ್ಣೆಯೇ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗಿದ್ದಾಗಲೇ ಎಂಜಿನ್ ಓಡಿಸಿದ್ದಾರೆ ಎಂದರ್ಥ. ಬಣ್ಣ ಜೇನಿನಂತೆ ತೀರಾ ಸ್ವಚ್ಛವಾಗಿದ್ದು ಸ್ಕ್ರೂ ತಲೆಯಲ್ಲಿ ಹೊಸ ಗೀರು ಹೊಳೆಯುತ್ತಿದ್ದರೆ ನಿನ್ನೆಯೇ ಬದಲಿಸಿರಬಹುದು. ಆಗ ಹತ್ತು ನಿಮಿಷ ಗೇರಿನಲ್ಲಿ ಓಡಿಸಿ ಮತ್ತೆ ನೋಡಬೇಕು. ಸ್ಕ್ರೂ ತುದಿಯ ಜಿಡ್ಡನ್ನು ಬೆರಳಲ್ಲಿ ಉಜ್ಜಿ ನೋಡಿ: ನುಣ್ಣನೆ ಬೂದು ಪೇಸ್ಟ್ ಇದ್ದರೆ ಸಹಜ ಸವೆತ, ಚುಚ್ಚುವ ಚೂರು ಸಿಕ್ಕರೆ ಗೇರ್ ಹಲ್ಲು ಮುರಿದಿದೆ.

ನೀರು ಒಳಗೆ ಹೋಗುವ ಮಾಮೂಲು ದಾರಿ ಪ್ರೊಪೆಲ್ಲರ್ ಶಾಫ್ಟ್‌ನ ಸೀಲ್. ಗಾಳದ ನೈಲಾನ್ ದಾರ ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡು ಸೀಲ್ ಅಂಚನ್ನು ಕೊಯ್ಯುತ್ತದೆ. ಬರೀ ಸೀಲ್ ಹೋಗಿದ್ದರೆ ಅಗ್ಗದ ಕೆಲಸ. ಆದರೆ ಉಪ್ಪುನೀರು ತಿಂಗಳುಗಟ್ಟಲೆ ಒಳಗೆ ನಿಂತಿದ್ದರೆ ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಗೇರನ್ನು ನ್ಯೂಟ್ರಲ್‌ಗೆ ಹಾಕಿ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿ, ಕರಕರ ಅನ್ನಿಸಿದರೆ ಬಿಟ್ಟುಬಿಡಿ. ತಿರುಗಿಸುವಾಗಲೇ ಶಾಫ್ಟ್ ತುದಿಗೆ ಪೆನ್ಸಿಲ್ ಮೊನೆ ಹಿಡಿದರೆ ಬಾಗಿದ್ದೂ ಕಾಣುತ್ತದೆ.

ಕಂಪ್ರೆಷನ್: ಎರಡೂ ಪ್ಲಗ್ ಬಿಚ್ಚಿ, ಪ್ಲಗ್ ವೈರ್‌ಗಳನ್ನು ಎಂಜಿನ್ ಲೋಹಕ್ಕೆ ತಾಗಿಸಿ ಕಟ್ಟಿ, ಸ್ಟಾಪ್ ಕ್ಲಿಪ್ ಕಳಚಿ, ಥ್ರಾಟಲ್ ಪೂರ್ತಿ ತೆರೆದು ಹಗ್ಗವನ್ನು ನಾಲ್ಕೈದು ಸಲ ಜೋರಾಗಿ ಎಳೆಯಬೇಕು. ವೈರ್ ಗಾಳಿಯಲ್ಲಿ ಬಿಟ್ಟು ಎಳೆದರೆ ಪ್ಲಗ್‌ಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಸಿಡಿಐ, ಸುಟ್ಟೀತು. ಈ ಗಾತ್ರದ ಟು-ಸ್ಟ್ರೋಕ್‌ನಲ್ಲಿ 90 ಪಿಎಸ್‌ಐಗಿಂತ ಮೇಲಿದ್ದರೆ ನೆಮ್ಮದಿ, ಆದರೆ ಅಂಕಿಗಿಂತ ಎರಡರ ಅಂತರ ಮುಖ್ಯ. 95, 92 ಇರುವ ಎಂಜಿನ್ 120, 95 ಇರುವುದಕ್ಕಿಂತ ಒಳ್ಳೆಯದು. ಅಂತರ ಶೇ 10 ದಾಟಿದರೆ ಒಂದು ಸಿಲಿಂಡರ್ ಗೀರು ಬಿದ್ದಿದೆ ಅಥವಾ ರಿಂಗ್ ಅಂಟಿದೆ. ಕಡಿಮೆ ಇರುವ ಕಡೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆದಾಗ ಥಟ್ಟನೆ ಏರಿದರೆ ತಪ್ಪು ರಿಂಗಿನದು.

ತುಕ್ಕು ನೋಡಬೇಕಾದ ಜಾಗ ಬಣ್ಣ ಉಬ್ಬಿದ ಕಡೆ. ಉಗುರಿನಿಂದ ಕೆರೆದರೆ ಒಳಗೆ ಸುಣ್ಣದಂಥ ಬಿಳಿ ಪುಡಿ ಬರುತ್ತದೆ. ಬರೀ ಮೈಮೇಲಿದ್ದರೆ ಪರವಾಗಿಲ್ಲ. ಥರ್ಮೋಸ್ಟಾಟ್ (ಬಿಸಿ ನೋಡಿ ತಣಿಸುವ ನೀರನ್ನು ಬಿಡುವ ಕವಾಟ) ಮುಚ್ಚಳದ ಬೋಲ್ಟ್ ಸುತ್ತ, ಎಕ್ಸಾಸ್ಟ್ ಮುಚ್ಚಳದ ಅಂಚಿನಲ್ಲಿ ಕಂಡರೆ ಒಳಗಿನ ನೀರಿನ ದಾರಿಯಲ್ಲೂ ಉಪ್ಪು ಕಟ್ಟಿದೆ ಎಂದೇ ತಿಳಿಯಬೇಕು. ಆ ಬೋಲ್ಟ್‌ಗಳು ಬಿಚ್ಚುವಾಗ ತಲೆ ಕಿತ್ತುಬರುತ್ತವೆ, ಅಲ್ಲಿಂದ ಕೆಲಸ ನಾಲ್ಕು ಪಟ್ಟು. ಕಾಲಿಗೆ ಮಾತ್ರ ಹೊಸ ಬಣ್ಣ ಬಳಿದ ಎಂಜಿನ್ನನ್ನು ಇಮ್ಮಡಿ ಅನುಮಾನದಿಂದ ನೋಡಿ.

ಕೊನೆಗೆ ಸ್ಟಾರ್ಟ್. 200 ಲೀಟರ್ ಡ್ರಮ್ಮಿನಲ್ಲಿ ಅಡ್ಡ ತಟ್ಟೆ ಮುಳುಗುವಷ್ಟು ಸಿಹಿನೀರು ತುಂಬಿ ಐಡಲ್‌ನಲ್ಲಿ ಓಡಿಸಬೇಕು. ನೀರಿಲ್ಲದೆ ಹತ್ತು ಸೆಕೆಂಡೂ ಬೇಡ, ತಣಿಸುವ ನೀರನ್ನು ಏರಿಸುವ ರೆಕ್ಕೆಚಕ್ರ ಇಂಪೆಲ್ಲರ್‌ನ ರಬ್ಬರ್ ಒಣಗಿ ಉಜ್ಜಿ ಹೋಗುತ್ತದೆ. ಪಕ್ಕದ ತೂತಿನಿಂದ ಪೆನ್ಸಿಲ್ ದಪ್ಪದ ನೀರಿನ ಧಾರೆ ಹೊಮ್ಮಬೇಕು. ಐದು ನಿಮಿಷಕ್ಕೆ ಅದು ಬೆಚ್ಚಗಾಗಬೇಕು, ಕೈ ಸುಡಬಾರದು. ಧಾರೆ ತೊಟ್ಟಿಕ್ಕುವಂತಿದ್ದರೆ ಮೊದಲು ತೂತಿಗೆ ದಪ್ಪ ನೈಲಾನ್ ದಾರ ತೂರಿಸಿ ನೋಡಿ, ಉಪ್ಪಿನ ಹರಳೋ ಮಣ್ಣೋ ಸಿಕ್ಕಿಕೊಂಡಿರುವುದು ಮಾಮೂಲು.

ಕೊಂಡ ಮೇಲೆ ಎಂಜಿನ್ ಕೆಲಸ

ಎಷ್ಟೇ ಚೆನ್ನಾಗಿದ್ದರೂ ಇಂಪೆಲ್ಲರ್ ಹೊಸದು ಹಾಕಿಯೇ ನೀರಿಗಿಳಿಸಬೇಕು. ಹಳೆಯದರ ರೆಕ್ಕೆ ಒಂದಾದರೂ ತುಂಡಾಗಿದ್ದರೆ ಆ ತುಂಡು ಮೇಲಿನ ನಾಳದಲ್ಲಿ ಎಲ್ಲೋ ಕೂತಿದೆ, ಹುಡುಕಿ ತೆಗೆಯದಿದ್ದರೆ ಹೊಸ ಇಂಪೆಲ್ಲರೂ ನೀರು ಏರಿಸಲಾರದು. ಕೆಸರು ನೀರಿನಲ್ಲಿ ವರ್ಷಕ್ಕೊಂದು ಬದಲಿಸುವುದು ದುಂದಲ್ಲ. ಥರ್ಮೋಸ್ಟಾಟನ್ನು ನೀರಿನ ಪಾತ್ರೆಯಲ್ಲಿ ದಾರಕ್ಕೆ ಕಟ್ಟಿ ಕಾಯಿಸಿ ನೋಡಬೇಕು. 50 ಡಿಗ್ರಿ ದಾಟುತ್ತಿದ್ದಂತೆ ಬಾಯಿ ಬಿಡದಿದ್ದರೆ ಬದಲಿಸಿ. ಬೋಲ್ಟ್ ವಾಪಸ್ ಹಾಕುವಾಗ ಪ್ರತಿಯೊಂದಕ್ಕೂ ಮೆರೀನ್ ಗ್ರೀಸ್.

ಪೆಟ್ರೋಲ್ ಪೈಪುಗಳ ವಿಷಯದಲ್ಲಿ ಈಗ ಹಳೆ ಅಭ್ಯಾಸ ನಡೆಯುವುದಿಲ್ಲ. 2025ರ ಹೊತ್ತಿಗೆ ದೇಶದ ಬಹುತೇಕ ಪಂಪುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಹಳೆ ರಬ್ಬರ್ ಅದರಲ್ಲಿ ಊದಿ, ಒಳಗಿನಿಂದ ಪದರ ಬಿಟ್ಟು, ಕಾರ್ಬೊರೇಟರ್ ಜೆಟ್ಟಿಗೆ ಹೋಗಿ ಕೂರುತ್ತದೆ. ಎಥನಾಲ್ ತಡೆಯುವ ಪೈಪ್, ಹೊಸ ಪ್ರೈಮರ್ ಬಲ್ಬ್ (ಪೈಪಿನ ನಡುವೆ ಕೈಯಲ್ಲಿ ಹಿಸುಕುವ ರಬ್ಬರ್ ಉಂಡೆ), ಪೆಟ್ರೋಲ್ ಪಂಪಿನ ಡಯಾಫ್ರಂ, ಕಾರ್ಬೊರೇಟರ್ ಕಿಟ್, ನೀರು ಬೇರ್ಪಡಿಸುವ ಫಿಲ್ಟರ್: ಈ ಐದಕ್ಕೂ ಒಟ್ಟಿಗೇ ಖರ್ಚು ಮಾಡಿ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಗೋವಾದ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕ್ ಎರಡು ತಿಂಗಳು ಕೂತರೆ ನೀರೂ ಎಥನಾಲೂ ಸೇರಿ ತಳಕ್ಕಿಳಿದು ಮೇಲೆ ಬರೀ ಪೆಟ್ರೋಲ್ ಉಳಿಯುತ್ತದೆ. ಟ್ಯಾಂಕಿನ ಪೈಪ್ ಹೀರುವುದು ತಳದಿಂದ. ಹಾಗಾಗಿ ಬೇಕಾದಷ್ಟೇ ಬೆರೆಸಿ: 5 ಲೀಟರ್ ಪೆಟ್ರೋಲಿಗೆ 100 ಮಿ.ಲೀ. ಟಿಸಿ-ಡಬ್ಲ್ಯೂ3 ಎಣ್ಣೆ (ನೀರಿನಿಂದ ತಣಿಯುವ ಟು-ಸ್ಟ್ರೋಕ್ ಎಂಜಿನ್ನಿಗೆಂದೇ ಮಾಡಿದ್ದು), ಅಂದರೆ 50:1. ಬೈಕಿನ ಟು-ಸ್ಟ್ರೋಕ್ ಎಣ್ಣೆ ಬೇಡ. ಅದು ಗಾಳಿಯಿಂದ ತಣಿಯುವ, ಹೆಚ್ಚು ಬಿಸಿಯಾಗುವ ಎಂಜಿನ್ನಿಗೆ ಮಾಡಿದ್ದು, ನೀರಿನಿಂದ ತಣಿಯುವ ಇದರಲ್ಲಿ ಬೂದಿ ಕಟ್ಟುತ್ತದೆ.

ಗೇರ್ ಆಯಿಲನ್ನು ಕೆಳಗಿನ ತೂತಿನಿಂದಲೇ ತುಂಬಬೇಕು, ಮೇಲಿನಿಂದ ಗುಳ್ಳೆಯಿಲ್ಲದೆ ಉಕ್ಕುವ ತನಕ. ಆಮೇಲೆ ಮೇಲಿನ ಸ್ಕ್ರೂ ಮೊದಲು, ಕೆಳಗಿನದು ನಂತರ, ಎರಡಕ್ಕೂ ಹೊಸ ವಾಷರ್. ಈ ಗಾತ್ರಕ್ಕೆ 350 ಮಿ.ಲೀ.ಯ ಒಂದು ಟ್ಯೂಬ್ ಸಾಕು, ಉಳಿಯುತ್ತದೆ.

ದೋಣಿಯ ಬೆನ್ನು

ಎಂಜಿನ್ ತೂಕಕ್ಕಿಂತ ಅದು ಮುಂದಕ್ಕೆ ತಳ್ಳುವಾಗಿನ ತಿರುಚು ಟ್ರಾನ್ಸಮ್‌ಗೆ ಹೆಚ್ಚು ಪೆಟ್ಟು ಕೊಡುತ್ತದೆ, ಏಕೆಂದರೆ ಹಿಡಿತ ಮೇಲಂಚಿನಲ್ಲಿ, ತಳ್ಳುವ ಬಲ ಅರ್ಧ ಮೀಟರ್ ಕೆಳಗೆ. ಅಲ್ಯೂಮಿನಿಯಂ ತಗಡಿನ ಒಳಗಿರುವ ಪ್ಲೈವುಡ್ ಕೊಳೆತಿದ್ದರೆ ಹೊರಗಿಂದ ಕಾಣುವುದಿಲ್ಲ. ಸುತ್ತಿಗೆ ಹಿಡಿಯಿಂದ ತಟ್ಟಿದರೆ ಗಟ್ಟಿ ಮರ ಟಕ್ ಎನ್ನುತ್ತದೆ, ಕೊಳೆತದ್ದು ದಪ್ ಎನ್ನುತ್ತದೆ.

ಬದಲಿಸುವುದಾದರೆ ಐಎಸ್ 710 ಮೆರೀನ್ ಪ್ಲೈ, 18 ಮಿ.ಮೀ.ಯ ಎರಡು ಹಾಳೆ ಎಪಾಕ್ಸಿಯಲ್ಲಿ ಅಂಟಿಸಿ 36 ಮಿ.ಮೀ. ಹಳೆ ಹಲಗೆ ಎಷ್ಟೇ ಪುಡಿಯಾಗಿದ್ದರೂ ಅದರ ಆಕಾರವನ್ನು ರಟ್ಟಿನ ಮೇಲೆ ಮೊದಲು ಗೀಚಿಟ್ಟುಕೊಳ್ಳಿ. ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಮೂರು ಕೈ. ಬೋಲ್ಟ್ ತೂತನ್ನು 12 ಮಿ.ಮೀ. ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ 8 ಮಿ.ಮೀ. ಕೊರೆದರೆ ನೀರು ಎಂದೂ ಮರ ಮುಟ್ಟುವುದಿಲ್ಲ. ತಾಮ್ರದ ಲವಣದಲ್ಲಿ ಅದ್ದಿದ ಮರ ಮಾತ್ರ ಬೇಡ, ಅದರ ತಾಮ್ರ ಅಲ್ಯೂಮಿನಿಯಂ ತಿನ್ನುತ್ತದೆ. ಬೋಲ್ಟ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು, ಅಗಲ ವಾಷರ್, ಅದರ ಕೆಳಗೆ ನೈಲಾನ್ ವಾಷರ್, ಸುತ್ತ ಪಾಲಿಯುರೆಥೇನ್ ಸೀಲಂಟ್. ಹಲಗೆಯ ಕೆಳಗೆ 5 ಮಿ.ಮೀ. ಖಾಲಿ ಬಿಟ್ಟರೆ ನೀರು ನಿಲ್ಲದೆ ಇಳಿದುಹೋಗುತ್ತದೆ.

ರಿವಿಟ್ ಸೋರುವುದನ್ನು ಹುಡುಕಲು ದೋಣಿಯನ್ನು ಎರಡು ಮರದ ದಿಮ್ಮಿ ಮೇಲೆ ಕೂರಿಸಿ ಒಳಗೆ ನಾಲ್ಕು ಬೆರಳು ನೀರು ತುಂಬಿ, ಕೆಳಗೆ ಮಲಗಿ ತೊಟ್ಟಿಕ್ಕುವ ಕಡೆಗೆಲ್ಲ ಬಣ್ಣದ ಚಾಕಿನಿಂದ ಗುರುತು ಹಾಕಬೇಕು. ನಾಲ್ಕು ಬೆರಳಿಗಿಂತ ಹೆಚ್ಚು ಬೇಡ, ಹೊರಗೆ ಆಧಾರವಿಲ್ಲದ ತಗಡು ಆ ತೂಕಕ್ಕೆ ಬಾಗುತ್ತದೆ. ಸಡಿಲಾದ ರಿವಿಟ್‌ಗೆ ಒಬ್ಬರು ಹೊರಗಿಂದ ಭಾರದ ಕಬ್ಬಿಣ ಒತ್ತಿ ಹಿಡಿದು ಇನ್ನೊಬ್ಬರು ಒಳಗಿಂದ ಹೊಡೆದರೆ ಬಹುತೇಕ ಬಿಗಿಯುತ್ತವೆ.

ಒಳ ತಳದಲ್ಲಿ ಬಿದ್ದ ಒಂದು ತುಂಡು ತಾಮ್ರದ ವೈರ್, ಗಾಳದ ಸೀಸದ ಗುಂಡು, ಹಿತ್ತಾಳೆ ಸ್ಕ್ರೂ, ಇವು ಉಪ್ಪುನೀರು ನಿಂತ ಕಡೆ ತಗಡಿಗೆ ಗುಳಿ ಕೊರೆಯುತ್ತವೆ. ಪ್ರತಿ ಸಲ ಗುಡಿಸಿ ತೆಗೆಯಬೇಕು. ತಳಕ್ಕೆ ತಾಮ್ರವಿರುವ ಪಾಚಿ-ನಿರೋಧಕ ಬಣ್ಣ ಬಳಿಯುವಂತಿಲ್ಲ. ದೋಣಿಯ, ಎಂಜಿನ್ನಿನ ಲೋಹದ ಬದಲು ತಾನು ಸವೆಯುವ ತುಂಡೇ ಆನೋಡ್. ಪೂರ್ತಿ ಸಮುದ್ರಕ್ಕಾದರೆ ಸತುವಿನದು ಸಾಕು. ಜುವಾರಿಯಂಥ ಬೆರಕೆ ನೀರಿಗೆ ಅಲ್ಯೂಮಿನಿಯಂ ಆನೋಡ್ ಒಳ್ಳೆಯದು. ಅರ್ಧ ಸವೆದಾಗ ಬದಲಿಸಿ, ಅದಕ್ಕೆ ಬಣ್ಣ ಹೊಡೆಯಬೇಡಿ.

ನೀರಿನಲ್ಲಿ

ಕ್ಲಾಂಪ್ ಸ್ಕ್ರೂ ಕೈಯಲ್ಲಿ ಬಿಗಿದು, ಹತ್ತು ನಿಮಿಷ ಓಡಿಸಿ, ಮತ್ತೆ ಬಿಗಿಯಬೇಕು. 8 ಮಿ.ಮೀ. ಹಗ್ಗದಿಂದ ಎಂಜಿನ್ನನ್ನು ದೋಣಿಯ ಕೊಂಡಿಗೆ ಕಟ್ಟುವುದು ಕಡ್ಡಾಯ. ಪ್ರೊಪೆಲ್ಲರಿನ ನಡುವಿನ ಲೋಹಕ್ಕೂ ಹೊರ ರೆಕ್ಕೆಯ ಭಾಗಕ್ಕೂ ಅಡ್ಡಲಾಗಿ ಮಾರ್ಕರಿನಿಂದ ಒಂದು ಗೆರೆ ಎಳೆದಿಡಿ. ಓಡಿಸಿ ಬಂದ ಮೇಲೆ ಗೆರೆ ಎರಡಾಗಿ ಸರಿದಿದ್ದರೆ ನಡುವಿನ ರಬ್ಬರ್ ಜಾರುತ್ತಿದೆ.

ಪ್ಲಗ್ ವೈರಿಗೆ ಸುತ್ತುವ ಚಿಕ್ಕ ಆರ್‌ಪಿಎಂ ಮೀಟರ್ ಕಟ್ಟಿಕೊಂಡು ಪೂರ್ತಿ ಥ್ರಾಟಲ್‌ನಲ್ಲಿ ಅಳೆಯಬೇಕು. ಕೈಪಿಡಿಯಲ್ಲಿ 4500ರಿಂದ 5500 ಎಂದಿರುವ ಎಂಜಿನ್ ಇಬ್ಬರನ್ನು ಹೊತ್ತು 4300ಕ್ಕೆ ನಿಂತರೆ ಅದು ಏದುಸಿರು ಬಿಡುತ್ತಿದೆ. ಪ್ರೊಪೆಲ್ಲರ್ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ, ಒಂದು ಇಂಚು ಇಳಿಸಿದರೆ ಸುಮಾರು 200 ಆರ್‌ಪಿಎಂ ಏರುತ್ತದೆ. ಎರಡು ಇಂಚು ಇಳಿಸಿದರೆ ಒಬ್ಬರೇ ಹೋಗುವಾಗ 5500 ದಾಟೀತು, ಆಗ ಥ್ರಾಟಲ್ ಹಿಡಿತದಲ್ಲಿಡಬೇಕು.

ದಡಕ್ಕೆ ಬಂದ ಮೇಲೆ ಡ್ರಮ್ಮಿನ ಸಿಹಿನೀರಲ್ಲಿ 10ರಿಂದ 15 ನಿಮಿಷ ಓಡಿಸಿ, ಕೊನೆಗೆ ಪೆಟ್ರೋಲ್ ಪೈಪ್ ಕಳಚಿ ಕಾರ್ಬೊರೇಟರ್ ಖಾಲಿಯಾಗಿ ತಾನೇ ನಿಲ್ಲಲು ಬಿಡಿ. ನಿಲ್ಲಿಸುವಾಗ ಕಾಲು ನೆಟ್ಟಗಿರಲಿ, ಒಳಗಿನ ನೀರೆಲ್ಲ ಬಸಿಯಲಿ. ಹತ್ತು ಗಂಟೆ ಓಡಿದ ಮೇಲೆ ಅದೇ ಬಿಳಿ ಲೋಟ ಹಿಡಿದು ಗೇರ್ ಬಾಕ್ಸಿನ ಕೆಳ ಸ್ಕ್ರೂ ಇನ್ನೊಮ್ಮೆ ಸಡಿಲಿಸಿ ನೋಡಿ. ಮೊದಲ ಹನಿ ಎಣ್ಣೆಯೇ ಆಗಿದ್ದರೆ ಸೀಲ್ ಹಿಡಿದಿದೆ.